ಸೇವೆಗೆ ಹೊರಟವರು ಮೊದಲು ಶಿಷ್ಯರಾಗಲಿ

ರಜೆ ಬಂತೆಂದರೆ ಸಾಕು, ಉತ್ತರ ಅಮೆರಿಕದ ವಿದ್ಯಾರ್ಥಿಗಳು ತಂಡ ತಂಡವಾಗಿ ಗ್ವಾಟೆಮಾಲದ ಬೆಟ್ಟಸೀಮೆಗೆ ಹೊರಡುತ್ತಾರೆ. ಒಂದೋ ಎರಡೋ ವಾರದ ಪ್ರವಾಸ. ಬೆಳಿಗ್ಗೆ ಶಾಲೆಯೊಂದರ ಗೋಡೆಗೆ ಬಣ್ಣ ಬಳಿಯುವುದು, ಮಧ್ಯಾಹ್ನ ಮಾಯಾ ನೇಕಾರ ಮಹಿಳೆಯ ಅಂಗಳದಲ್ಲಿ ಕುಳಿತು ಮಗ್ಗ ನೋಡುವುದು, ರಾತ್ರಿ ಸ್ಥಳೀಯ ಕುಟುಂಬವೊಂದರಲ್ಲಿ ಮೆಕ್ಕೆಜೋಳದ ರೊಟ್ಟಿ ಉಂಡು ಮಲಗುವುದು. ಮರಳುವಾಗ ಕೈಯಲ್ಲೊಂದು ಬಣ್ಣದ ಚೀಲ, ಮೊಬೈಲ್ ತುಂಬ ಚಿತ್ರಗಳು, ಕಾಲೇಜಿನ ದಾಖಲೆಯಲ್ಲಿ ಒಂದಿಷ್ಟು ಅಂಕ. ಇದಕ್ಕೆ 'ಸೇವಾ ಕಲಿಕೆ' ಎಂಬ ಹೆಸರಿದೆ. 'ಸಂಸ್ಕೃತಿಯಲ್ಲಿ ಮುಳುಗಿ ಬರುವುದು' ಎಂಬ ಇನ್ನೊಂದು ಹೆಸರೂ ಇದೆ.

ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಬಹುದು. ಹದಿಹರೆಯದ ಮಕ್ಕಳು ಮೋಜಿನ ಕಡಲತೀರವನ್ನು ಬಿಟ್ಟು ಬಡವರ ಮನೆಗೆ ಹೋಗುವುದು ಒಳ್ಳೆಯದೇ ಅಲ್ಲವೇ? ಅವರ ಮನಸ್ಸಿನ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಒಂದು ಕಾರ್ಯವನ್ನು ಅಳೆಯಲು ಉದ್ದೇಶವೊಂದೇ ಸಾಲದು. ಈ ಪ್ರವಾಸದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ, ಸೇವೆಯ ಹೆಸರಿನಲ್ಲಿ ಹೋದವನೇ ಹೆಚ್ಚು ಪಡೆದು ಬರುತ್ತಾನೆ ಎಂಬ ಕಹಿ ಸತ್ಯ ಎದುರಾಗುತ್ತದೆ.

ಈ ಮಾತನ್ನು ಮೊದಲು ಹೇಳಿದವರು ನಾವಲ್ಲ. 1968ರ ಎಪ್ರಿಲ್‌ನಲ್ಲಿ ಮೆಕ್ಸಿಕೊದ ಕುಯೆರ್ನವಾಕಾದಲ್ಲಿ, ಬೇಸಿಗೆ ರಜೆಯಲ್ಲಿ ಹಳ್ಳಿಗಳ ಸೇವೆಗೆಂದು ಸಿದ್ಧರಾಗಿದ್ದ ಅಮೆರಿಕನ್ ವಿದ್ಯಾರ್ಥಿಗಳ ಮುಂದೆ ಚಿಂತಕ ಇವಾನ್ ಇಲಿಚ್ ನಿಂತಿದ್ದರು. ಆಗ ಅವರು ಕ್ಯಾಥೊಲಿಕ್ ಪಾದ್ರಿಯೂ ಆಗಿದ್ದರು. ವಿದ್ಯಾರ್ಥಿಗಳು ಪ್ರೋತ್ಸಾಹದ ನುಡಿಗಳನ್ನು ನಿರೀಕ್ಷಿಸಿದ್ದರು. ಇಲಿಚ್ ಅವರ ಸದುದ್ದೇಶವನ್ನೇ ನೇರವಾಗಿ ಪ್ರಶ್ನಿಸಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಆದರೆ ಸಹಾಯ ಮಾಡಲೆಂದು ಬರಬೇಡಿ ಎಂಬುದು ಅವರ ಮಾತಿನ ಸಾರವಾಗಿತ್ತು. ಭಾಷೆ ಬಾರದ, ಕಸುಬು ತಿಳಿಯದ ತರುಣರು ಹಳ್ಳಿಗರ ಮುಂದೆ ತಮ್ಮ ದೇಶದ ಸುಖಜೀವನವನ್ನು ಪ್ರದರ್ಶಿಸುವುದಕ್ಕಷ್ಟೇ ಸಮರ್ಥರು ಎಂದು ಅವರು ಎಚ್ಚರಿಸಿದ್ದರು. ಅಂದಿನಿಂದ ಅರ್ಧ ಶತಮಾನವೇ ಕಳೆದಿದೆ. ಅವರ ಭಾಷಣವನ್ನು ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿ ಓದಿಸುತ್ತಾರೆ. ಓದಿಸಿದ ಬಳಿಕ ಅದೇ ಪ್ರವಾಸಕ್ಕೆ ವಿಮಾನ ಹತ್ತಿಸುತ್ತಾರೆ!

ಗೋಡೆಯ ವಿಚಾರವನ್ನೇ ತೆಗೆದುಕೊಳ್ಳೋಣ. ಬಣ್ಣ ಬಳಿಯಬಲ್ಲ, ಇಟ್ಟಿಗೆ ಕಟ್ಟಬಲ್ಲ ಕೂಲಿಕಾರರು ಆ ಊರಿನಲ್ಲೇ ಇದ್ದಾರೆ. ಅವರಿಗೆ ಬೇಕಿರುವುದು ಕೆಲಸ ಮತ್ತು ಕೂಲಿ. ವಿದ್ಯಾರ್ಥಿಯೊಬ್ಬನ ವಿಮಾನದ ಟಿಕೇಟಿಗೆ ತೆತ್ತ ಹಣದಲ್ಲಿ ಸ್ಥಳೀಯ ಗಾರೆ ಕೆಲಸದವನಿಗೆ ಎಷ್ಟೋ ದಿನಗಳ ದುಡಿಮೆ ಸಿಗುತ್ತಿತ್ತು. 2018-19ರ ಸಾಲಿನಲ್ಲಿ 3 ಲಕ್ಷಕ್ಕೂ ಅಧಿಕ ಅಮೆರಿಕನ್ ವಿದ್ಯಾರ್ಥಿಗಳು ಅಂಕಗಳಿಗಾಗಿ ವಿದೇಶದಲ್ಲಿ ಕಲಿತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೋದದ್ದು ಎಂಟು ವಾರ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ. ಇವರೆಲ್ಲರೂ ಸೇವೆಗೆ ಹೋದವರಲ್ಲ, ಹೆಚ್ಚಿನವರು ಯುರೋಪಿಗೆ ಹೋದವರು ಎಂಬುದು ನಿಜ. ಆದರೂ ಅಲ್ಪಾವಧಿಯ ಪ್ರವಾಸವೇ ಇಂದಿನ ರೂಢಿಯಾಗಿದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಎರಡು ವಾರದಲ್ಲಿ ಒಂದು ಊರಿನ ದಾರಿಗಳೂ ಪರಿಚಯವಾಗುವುದಿಲ್ಲ. ಅಲ್ಲಿನ ಕಷ್ಟಕ್ಕೆ ಪರಿಹಾರ ಸೂಚಿಸುವುದಂತೂ ದೂರವೇ ಉಳಿಯಿತು.

ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ ಇತಿಹಾಸದ ಮರೆವು. ಗ್ವಾಟೆಮಾಲದ ಮಾಯಾ ಜನರು ಯಾಕೆ ಬಡವರಾದರು ಎಂಬ ಪ್ರಶ್ನೆಯನ್ನು ಪ್ರವಾಸದ ಕೈಪಿಡಿ ಎತ್ತುವುದು ಅಪರೂಪ. 1952ರಲ್ಲಿ ಅಲ್ಲಿನ ಚುನಾಯಿತ ಅಧ್ಯಕ್ಷ ಹಕೋಬೊ ಅರ್ಬೆನ್ಸ್ ಭೂಸುಧಾರಣೆಯ ಕಾನೂನು ತಂದರು. ಪಾಳುಬಿದ್ದ ಜಮೀನು ರೈತರ ಕೈಸೇರತೊಡಗಿತು. ಹೀಗೆ ಜಮೀನು ಕಳಕೊಂಡವರಲ್ಲಿ ಬಾಳೆಹಣ್ಣಿನ ವ್ಯಾಪಾರದ ದೈತ್ಯ, ಅಮೆರಿಕದ ಯುನೈಟೆಡ್ ಫ್ರೂಟ್ ಕಂಪೆನಿಯೂ ಒಂದು. 1954ರ ಜೂನ್‌ನಲ್ಲಿ ಸಿಐಎ ನಡೆಸಿದ ಸಂಚಿನಿಂದ ಅರ್ಬೆನ್ಸ್ ಸರಕಾರ ಉರುಳಿತು. ಸುಧಾರಣೆ ಮಣ್ಣುಗೂಡಿತು. 1960ರಿಂದ 1996ರ ವರೆಗೆ ಆ ದೇಶ ಅಂತರ್ಯುದ್ಧದಲ್ಲಿ ಬೆಂದಿತು. ವಿಶ್ವಸಂಸ್ಥೆಯ ಬೆಂಬಲದಿಂದ ರಚನೆಯಾದ ಸತ್ಯಶೋಧನಾ ಆಯೋಗವು 1999ರಲ್ಲಿ ನೀಡಿದ ವರದಿಯ ಪ್ರಕಾರ ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ಗುರುತು ಪತ್ತೆಯಾದ ಬಲಿಪಶುಗಳಲ್ಲಿ ಶೇ. 83ರಷ್ಟು ಮಂದಿ ಮಾಯಾ ಜನರು. ಅದೇ ವರ್ಷದ ಮಾರ್ಚ್‌ನಲ್ಲಿ ಗ್ವಾಟೆಮಾಲಕ್ಕೆ ಬಂದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್, ಆ ದಮನದಲ್ಲಿ ತೊಡಗಿದ್ದ ಸೇನೆಗೆ ತಮ್ಮ ದೇಶ ಬೆಂಬಲ ನೀಡಿದ್ದು ತಪ್ಪು ಎಂದು ಒಪ್ಪಿಕೊಂಡರು.

ಮನೆಗೆ ಬೆಂಕಿ ಬೀಳಲು ಕೈಜೋಡಿಸಿದವನ ಮೊಮ್ಮಗ ಒಂದು ಡಬ್ಬಿ ಬಣ್ಣ ಹಿಡಿದು ಬಂದರೆ ಅದನ್ನು ದಾನವೆನ್ನಬೇಕೇ, ಸಾಲದ ಒಂದು ಕಂತೆನ್ನಬೇಕೇ? ವಿದ್ಯಾರ್ಥಿಯನ್ನು ತಪ್ಪಿತಸ್ಥನೆಂದು ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಆತ ಹುಟ್ಟುವ ಮೊದಲೇ ನಡೆದುಹೋದ ಕೃತ್ಯಗಳವು. ಆದರೆ ಅವನ್ನು ತಿಳಿಯದೆ ಅಲ್ಲಿಗೆ ಕಾಲಿಡುವುದು ಮಾತ್ರ ಆತನ ಶಿಕ್ಷಕರ ತಪ್ಪು.

ಆತ ನೋಡಹೋಗುವ ಬಟ್ಟೆಯಲ್ಲೇ ಈ ಚರಿತ್ರೆ ಹೆಣೆದುಕೊಂಡಿದೆ. ಮಾಯಾ ಮಹಿಳೆಯರು ತೊಡುವ ಮೇಲುಡುಗೆಗೆ 'ವಿಪಿಲ್' ಎನ್ನುತ್ತಾರೆ. ಅದರ ಬಣ್ಣ ಮತ್ತು ವಿನ್ಯಾಸ ಊರಿನಿಂದ ಊರಿಗೆ ಬೇರೆ. ತಿಳಿದವರು ಉಡುಗೆ ನೋಡಿಯೇ ಆಕೆ ಯಾವ ಊರಿನವಳೆಂದು ಹೇಳಬಲ್ಲರು. ನರಮೇಧದ ದಿನಗಳಲ್ಲಿ ಈ ಗುರುತೇ ಆಪತ್ತಾಯಿತು. ಸೇನೆಯು ಶಂಕಿತವೆಂದು ಪಟ್ಟಿ ಮಾಡಿದ ಊರಿನ ವಿಪಿಲ್ ತೊಟ್ಟು ಪೇಟೆಗೆ ಬರುವುದೆಂದರೆ ಸಾವನ್ನು ಕರೆದಂತೆ. ಎಷ್ಟೋ ಮಹಿಳೆಯರು ತಾಯಿಯಿಂದ ಬಂದ ಉಡುಗೆಯನ್ನು ಮಡಿಚಿಟ್ಟು ಬೇರೆ ಬಟ್ಟೆ ತೊಟ್ಟರು. ಉಡುಪಿನ ಕಾರಣಕ್ಕೆ ಅನುಮಾನಕ್ಕೊಳಗಾಗುವ ನೋವು ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಆ ನೇಯ್ಗೆಯ ಕೌಶಲ. ಅವರ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸುನೂಲಿನ ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟುತ್ತಾರೆ. ಇನ್ನೊಂದು ತುದಿಯ ಪಟ್ಟಿ ನೇಯುವವಳ ಸೊಂಟವನ್ನು ಸುತ್ತಿಕೊಂಡಿರುತ್ತದೆ. ಆಕೆ ಹಿಂದಕ್ಕೆ ಬಾಗಿದರೆ ನೂಲು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲವಾಗುತ್ತದೆ. ಅಂದರೆ ಆಕೆಯ ದೇಹವೇ ಮಗ್ಗದ ಒಂದು ಭಾಗ. ಹೂಬಳ್ಳಿ, ಹಕ್ಕಿಗಳ ವಿನ್ಯಾಸವನ್ನು ಎಳೆ ಎಣಿಸಿ ಎಣಿಸಿ ಕೈಬೆರಳಿನಿಂದಲೇ ತುಂಬಬೇಕು. ಒಳ್ಳೆಯ ವಿಪಿಲ್ ಒಂದು ಸಿದ್ಧವಾಗಲು ತಿಂಗಳುಗಳೇ ಬೇಕು. ಗಣಿತ, ವಿನ್ಯಾಸ, ಸಹನೆ ಎಲ್ಲವೂ ಸೇರಿದ ಈ ವಿದ್ಯೆಯನ್ನು ತಾಯಿ ಮಗಳಿಗೆ ಕಲಿಸುತ್ತಾಳೆ. ಇಂಥವಳ ಅಂಗಳಕ್ಕೆ ಬಂದ ತರುಣ ತನ್ನನ್ನು ಕಲಿಸಲು ಬಂದವನೆಂದು ಭಾವಿಸುವುದು ವಿಪರ್ಯಾಸವಲ್ಲದೆ ಇನ್ನೇನು?

ಈ ಕಲಾವಂತರನ್ನು ಕಾಡುತ್ತಿರುವ ಸಮಸ್ಯೆ ಶಾಲೆಯ ಗೋಡೆಯ ಬಣ್ಣದ್ದಲ್ಲ. ಅವರ ವಿನ್ಯಾಸಗಳನ್ನು ಯಂತ್ರದಲ್ಲಿ ಅಚ್ಚೊತ್ತಿದ ಅಗ್ಗದ ನಕಲುಗಳು ಅವರದೇ ಸಂತೆಗೆ ಬಂದಿವೆ. ಅಮೆರಿಕದಿಂದ ಮೂಟೆಗಟ್ಟಲೆ ಬರುವ ಹಳೆ ಬಟ್ಟೆಗಳು ಅದಕ್ಕಿಂತಲೂ ಅಗ್ಗ. ದೊಡ್ಡ ವ್ಯಾಪಾರಿಗಳು ಹಳೆಯ ವಿಪಿಲ್‌ಗಳನ್ನು ಕತ್ತರಿಸಿ ಚೀಲ, ಬೂಟುಗಳಿಗೆ ಹೊಲಿದು ದುಬಾರಿ ಬೆಲೆಗೆ ಮಾರುತ್ತಾರೆ. ನೇಯ್ದವಳಿಗೆ ಸಿಗುವುದು ಚಿಲ್ಲರೆ. ಇದನ್ನು ಪ್ರತಿಭಟಿಸಿ ಮಾಯಾ ನೇಕಾರ ಮಹಿಳೆಯರು 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. ವಿನ್ಯಾಸಗಳು ಸಮುದಾಯದ ಸಾಮೂಹಿಕ ಸೊತ್ತೆಂದು ಕಾನೂನು ಮಾನ್ಯ ಮಾಡಬೇಕು ಎಂಬುದು ಅವರ ಬೇಡಿಕೆ. ಕಾನೂನು ರೂಪಿಸುವುದನ್ನು ಪರಿಗಣಿಸುವಂತೆ ನ್ಯಾಯಾಲಯವು 2017ರಲ್ಲಿ ಸಂಸತ್ತಿಗೆ ಸೂಚಿಸಿತು. ನಮ್ಮಲ್ಲಿ 2003ರಿಂದ ಜಾರಿಯಲ್ಲಿರುವ ಭೌಗೋಳಿಕ ಸೂಚಕ ಕಾಯ್ದೆಯಡಿ ಮೈಸೂರು ರೇಷ್ಮೆ, ಕಾಶ್ಮೀರದ ಪಶ್ಮಿನಾ ಮುಂತಾದವಕ್ಕೆ ಹೆಸರಿನ ರಕ್ಷಣೆ ದೊರೆತಿದೆ. ಆದರೂ ಪಶ್ಮಿನಾದ ಹೆಸರಿನಲ್ಲಿ ನಕಲಿ ಶಾಲುಗಳು ಮಾರಾಟವಾಗುತ್ತಿವೆ. ಕಾನೂನು ಇರುವಲ್ಲೇ ಹೀಗಾದರೆ ಇಲ್ಲದವರ ಪಾಡೇನು?

ಆದ್ದರಿಂದಲೇ ನಾವು ಹೇಳುವುದು, ನ್ಯಾಯದ ಪ್ರಶ್ನೆಯನ್ನು ಬದಿಗಿಟ್ಟು ಮಾಡುವ ಸೇವೆ ಸೇವೆಯೇ ಅಲ್ಲ. ಅದು ಮನಸ್ಸಾಕ್ಷಿಗೆ ಹಾಕುವ ಜೋಗುಳವಷ್ಟೇ.

ಹಾಗಂತ ಯಾರೂ ಹೋಗಲೇಬಾರದು ಎಂಬುದು ನಮ್ಮ ವಾದವಲ್ಲ. ಇಲಿಚ್ ಅವರ ಮಾತಿನಲ್ಲಿಯೇ ಒಂದು ಬಾಗಿಲು ತೆರೆದಿದೆ: ಓದಲು ಬನ್ನಿ. ಯುದ್ಧ ಇನ್ನೂ ಮುಗಿಯದಿದ್ದ 1988ರಲ್ಲಿ ಗ್ವಾಟೆಮಾಲದ ಪಶ್ಚಿಮ ಬೆಟ್ಟಸೀಮೆಯ ಮಹಿಳೆಯರು 'ಟ್ರಾಮಾ ಟೆಕ್ಸ್‌ಟೈಲ್ಸ್' ಎಂಬ ನೇಯ್ಗೆಯ ಸಂಘ ಕಟ್ಟಿದರು. ಸಂಘದ ಒಡೆತನ ನೇಯುವವರದ್ದೇ. ಕ್ವೆಟ್ಸಾಲ್ಟೆನಾಂಗೊ ನಗರದ ಅವರ ಕೇಂದ್ರಕ್ಕೆ ಬಂದ ವಿದೇಶಿಯರಿಗೆ ಅವರು ಶುಲ್ಕ ಪಡೆದು ನೇಯ್ಗೆ ಕಲಿಸುತ್ತಾರೆ. ಇಲ್ಲಿ ಸಂಬಂಧ ತಲೆಕೆಳಗಾಗಿರುವುದನ್ನು ಗಮನಿಸಬೇಕು. ವಿಶ್ವವಿದ್ಯಾಲಯದ ತರುಣ ಶಿಷ್ಯನಾಗಿದ್ದಾನೆ, ಹಳ್ಳಿಯ ಮಹಿಳೆ ಗುರುವಾಗಿದ್ದಾಳೆ. ಆತನ ನೂಲು ಗಂಟಾದಾಗ ಆಕೆ ಬಿಡಿಸಿಕೊಡುತ್ತಾಳೆ. ಗುರುದಕ್ಷಿಣೆ ಕೊಟ್ಟು ಆತ ಹಿಂದಿರುಗುತ್ತಾನೆ. ಯಾರ ಮಾನಕ್ಕೂ ಕುಂದಿಲ್ಲ.

ಶುಲ್ಕ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೂ ಉದಾಹರಣೆಯಿದೆ. ದಕ್ಷಿಣ ಅಮೆರಿಕದ ಪೆರುವಿನಲ್ಲಿ, ಸಮುದ್ರಮಟ್ಟದಿಂದ 3,800 ಮೀಟರ್‌ಗೂ ಎತ್ತರದಲ್ಲಿರುವ ಟಿಟಿಕಾಕಾ ಸರೋವರದಲ್ಲಿ ಟಕೀಲೆ ಎಂಬ ದ್ವೀಪವಿದೆ. ಅಲ್ಲಿ ಹೆಂಗಸರು ನೇಯುತ್ತಾರೆ, ಗಂಡಸರು ಟೊಪ್ಪಿ ಹೆಣೆಯುತ್ತಾರೆ. 2005ರಲ್ಲಿ ಯುನೆಸ್ಕೊ ಈ ಕಲೆಗೆ ಮನ್ನಣೆ ನೀಡಿತು. ಅದಕ್ಕೂ ಬಹಳ ಮೊದಲು, 1970ರ ದಶಕದ ಕೊನೆಯಲ್ಲಿ ಪ್ರವಾಸಿಗಳು ಬರತೊಡಗಿದಾಗ ದ್ವೀಪವಾಸಿಗಳು ತಮ್ಮದೇ ದೋಣಿಗಳನ್ನು ಓಡಿಸಿದರು. ಅತಿಥಿಗಳನ್ನು ಸರದಿಯಂತೆ ಮನೆಗಳಿಗೆ ಹಂಚಿದರು. ಬಟ್ಟೆಗಳನ್ನು ಸಹಕಾರಿ ಅಂಗಡಿಯಲ್ಲಿ ನಿಗದಿತ ದರಕ್ಕೆ ಮಾರಿದರು. 1990ರ ದಶಕದ ಉದಾರೀಕರಣದಲ್ಲಿ ದೋಣಿಯ ಮೇಲಿನ ಅವರ ಹಿಡಿತ ತಪ್ಪಿತು. ದಡದ ಪುನೋ ಪಟ್ಟಣದ ಪ್ರವಾಸಿ ಏಜೆನ್ಸಿಗಳು ಜನರನ್ನು ಕರೆತಂದು ಕೆಲವೇ ಗಂಟೆಗಳಲ್ಲಿ ಕರೆದೊಯ್ಯತೊಡಗಿದವು. ಕಲೆ ಅದೇ, ಜನ ಅವರೇ. ಚುಕ್ಕಾಣಿ ಮಾತ್ರ ಬೇರೆಯವರ ಕೈಗೆ ಹೋಯಿತು. ಅದರೊಂದಿಗೆ ಆದಾಯದ ದೊಡ್ಡ ಪಾಲೂ ಹೋಯಿತು.

ಪ್ರವಾಸದಿಂದ ನಾಲ್ಕು ಕಾಸು ಬರುತ್ತಿರುವಾಗ ಇಷ್ಟೆಲ್ಲ ಟೀಕೆ ಯಾಕೆ, ಹೊಟ್ಟೆಪಾಡಿನ ಮುಂದೆ ಗೌರವದ ಮಾತು ಉಳ್ಳವರ ಚರ್ಚೆಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಬೆಟ್ಟದ ಮನೆಯಲ್ಲಿ ಒಲೆ ಉರಿಯಲು ಆ ಹಣ ನೆರವಾಗುತ್ತದೆ. ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಗ್ವಾಟೆಮಾಲ ಗಡಿ ಮುಚ್ಚಿದಾಗ ಏನಾಯಿತೆಂಬುದನ್ನೂ ನೆನಪಿಸಿಕೊಳ್ಳಬೇಕು. ಗಡಿ ತೆರೆಯಲು ಸೆಪ್ಟಂಬರ್ ಬಂತು. ಅಷ್ಟೂ ತಿಂಗಳು ಬರುವವರಿಲ್ಲ, ಕೊಳ್ಳುವವರಿಲ್ಲ. ವರ್ಷಕ್ಕೊಮ್ಮೆ ಬಂದು ಅಪ್ಪಿಕೊಂಡು ಹೋಗುವವರನ್ನೇ ನಂಬಿದ ಬದುಕು ಎಷ್ಟು ತೆಳು ಎಂಬುದು ಆಗ ಬಯಲಾಯಿತು. ಎಂದೇ, ಕಣ್ಣೆದುರು ಇಲ್ಲದಾಗಲೂ ನಿಲ್ಲದ ಸಂಬಂಧ ಬೇಕು.

ಇಂಥ ಪ್ರವಾಸವನ್ನು ಏರ್ಪಡಿಸುವ ಯಾವುದೇ ವಿದ್ಯಾಸಂಸ್ಥೆಯು ಹೊರಡುವ ಮೊದಲು ತನ್ನನ್ನು ಕೆಲವು ಪ್ರಶ್ನೆಗಳಿಗೆ ಒಡ್ಡಿಕೊಳ್ಳಬೇಕು. ನಮ್ಮನ್ನು ಕರೆದವರು ಯಾರು? ಬೇಡವೆನ್ನುವ ಅಧಿಕಾರ ಊರಿನವರಿಗಿದೆಯೇ? ವಸತಿ, ಊಟ, ಪಾಠ ಇವುಗಳ ಬೆಲೆ ನಿಗದಿಪಡಿಸಿದವರು ಅವರೇ? ಮಗ್ಗದ ಮುಂದೆ ಕುಳಿತು ನಮಗೆ ತೋರಿಸಲು ಆಕೆ ಕಳೆದ ಹೊತ್ತಿಗೆ ಕೂಲಿ ಸಂದಿದೆಯೇ? ಆಕೆಯ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿದೆವೇ? ಊರಿನ ಭಾಷೆಯ ಹತ್ತಾದರೂ ಮಾತು ಕಲಿತೆವೇ? ಎಲ್ಲಕ್ಕಿಂತ ಮುಖ್ಯವಾಗಿ, ಮರಳಿದ ಮೇಲೆ ನಾವೇನು ಮಾಡುತ್ತೇವೆ? ಅಮೆರಿಕದ ವಿದ್ಯಾರ್ಥಿ ನಿಜಕ್ಕೂ ಸೇವೆ ಮಾಡಬೇಕಾದ ಸ್ಥಳ ಅಮೆರಿಕವೇ ಆಗಿದೆ. ತನ್ನ ಊರಿನ ಅಂಗಡಿಯಲ್ಲಿ ಮಾಯಾ ವಿನ್ಯಾಸದ ನಕಲು ಮಾರಾಟವಾಗುತ್ತಿದ್ದರೆ ಅದನ್ನು ಪ್ರಶ್ನಿಸಬೇಕಾದವನು ಆತ. ತನ್ನ ಸರಕಾರ ಆ ದೇಶದೊಂದಿಗೆ ಹೇಗೆ ನಡೆದುಕೊಳ್ಳುತ್ತಿದೆ ಎಂದು ಕೇಳಬೇಕಾದವನೂ ಆತನೇ. ನೇಕಾರ ಮಹಿಳೆ ಅಲ್ಲಿಗೆ ತಲುಪಲಾರಳು. ಆಕೆಯ ಶಿಷ್ಯ ತಲುಪಬಲ್ಲ.

ದೂರದ ದೇಶದ ಕತೆಯೆಂದು ನಾವು ನಿರಾಳವಾಗುವಂತಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರ ನಮ್ಮ ಕಾಲೇಜುಗಳಿಗೂ ಹೊಸತಲ್ಲ. ಶಿಬಿರಾರ್ಥಿಗಳು ಚರಂಡಿ ತೋಡುತ್ತಾರೆ, ಸಂಜೆ ಊರವರನ್ನು ಕೂರಿಸಿ ಸ್ವಚ್ಛತೆಯ ಭಾಷಣ ಮಾಡುತ್ತಾರೆ. ಸಾಗರ ಸೀಮೆಯ ದೀವರ ಮಹಿಳೆಯರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದನ್ನು, ಮೇದರ ಕುಟುಂಬಗಳು ಬಿದಿರು ಸೀಳಿ ಬುಟ್ಟಿ ಹೆಣೆಯುವುದನ್ನು ನೆಲದ ಮೇಲೆ ಕುಳಿತು ಕಲಿತ ಶಿಬಿರಗಳೆಷ್ಟು? ಬಿದಿರು ಎಲ್ಲಿಂದ ಬರುತ್ತದೆ, ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ಒಲೆ ಹೇಗೆ ಉರಿಯುತ್ತಿದೆ ಎಂದು ವಿಚಾರಿಸಿದವರೆಷ್ಟು? ಹಳ್ಳಿ ನಮ್ಮಿಂದ ಕಲಿಯಬೇಕು ಎಂಬ ಅಹಂಕಾರ ವಿಮಾನ ಹತ್ತಿ ಹೋಗುವವರಲ್ಲಿ ಮಾತ್ರ ಇರುವುದಲ್ಲ. ಬಸ್ಸು ಹತ್ತಿ ಹೋಗುವವರಲ್ಲೂ ಇದೆ.

ಯುವಜನರು ಬೆಟ್ಟ ಹತ್ತಲಿ. ಬೇರೆ ಭಾಷೆ, ಬೇರೆ ನಂಬಿಕೆ, ಬೇರೆ ಉಡುಗೆಯ ಜನರ ಜೊತೆ ಉಂಡು ಮಲಗಲಿ. ದ್ವೇಷದ ಗೋಡೆಗಳು ಏಳುತ್ತಿರುವ ಈ ಕಾಲದಲ್ಲಿ ಇಂಥ ಒಡನಾಟ ಹಿಂದೆಂದಿಗಿಂತಲೂ ಅಗತ್ಯವಾಗಿದೆ. ಆದರೆ ಹೊಸ್ತಿಲು ದಾಟುವಾಗ ಕೊಡುಗೈ ದಾನಿಯ ಗತ್ತನ್ನು ಹೊರಗೆ ಬಿಡಲಿ. ಕಲಿಯಲು ಬಂದಿದ್ದೇನೆ, ಕಲಿಸುವಿರಾ ಎಂದು ಕೇಳಲಿ. ಆ ಅನುಮತಿ ಕೇಳುವಲ್ಲಿಂದಲೇ ಸೇವೆ ಆರಂಭವಾಗುತ್ತದೆ.