ಉತ್ತರ ಸರಿ, ಕಾರಣ ತಪ್ಪು

ದೀಪಾವಳಿಯ ರಜೆಗೆ ವಡೋದರಾದಿಂದ ನಮ್ಮ ತಂಗಿಯ ಮಗಳು ಅಹಮದಾಬಾದಿಗೆ ಬಂದಿದ್ದಳು. ಬಿ.ಎಸ್‌ಸಿ. ಎರಡನೆಯ ವರ್ಷ, ಸಾವಯವ ರಸಾಯನದಲ್ಲಿ 100ಕ್ಕೆ 84. ನಾನೂ ಒಂದು ಕಾಲಕ್ಕೆ ಅದನ್ನೇ ಕಲಿಸಿದವನು. ಹಳೆಯ ಚಾಳಿ ಬಿಡಲಿಲ್ಲ, ಕೇಳಿದೆ:

“ಎಥನಾಲ್, ಡೈಮೀಥೈಲ್ ಈಥರ್ ಎರಡರ ಅಣುವಿನಲ್ಲಿಯೂ 2 ಇಂಗಾಲ, 6 ಜಲಜನಕ, 1 ಆಮ್ಲಜನಕ. ಯಾವುದು ಹೆಚ್ಚು ಉಷ್ಣತೆಯಲ್ಲಿ ಕುದಿಯುತ್ತದೆ?”

(ಪಾನನಿಷೇಧದ ಗುಜರಾತಿನಲ್ಲಿ ಕುಳಿತು ಮದ್ಯಸಾರದ ಮಾತೇ ಎಂದು ಮನೆಯಾಕೆ ಒಳಗಿನಿಂದ ಗೊಣಗಿದಳು.)

“ಎಥನಾಲ್, ಮಾವ.”

ಸರಿಯಾದ ಉತ್ತರ. ಎಥನಾಲ್ 78 ಡಿಗ್ರಿಯಲ್ಲಿ ಕುದಿದರೆ ಆ ಈಥರ್ ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿಯುತ್ತದೆ. “ಏಕಮ್ಮ?” ಎಂದೆ.

“ಎಥನಾಲಿನಲ್ಲಿ ಆಮ್ಲಜನಕಕ್ಕೂ ಜಲಜನಕಕ್ಕೂ ಇರುವ ಬಂಧ ಗಟ್ಟಿ. ಅದು ಮುರಿಯಲು ಹೆಚ್ಚು ಶಾಖ ಬೇಕು.”

ಎಡವಿದ್ದು ಅಲ್ಲಿ. ಕುದಿಯುವಾಗ ಅಣುವಿನೊಳಗಿನ ಬಂಧ ಮುರಿಯುವುದಿಲ್ಲ. ಅಣು ಅಣುಗಳ ನಡುವಣ ಹಿಡಿತ ಸಡಿಲುತ್ತದೆ. ಆ ಹಿಡಿತಕ್ಕೆ ‘ಜಲಜನಕ ಬಂಧ’ವೆಂದು ಹೆಸರಿಟ್ಟಿದ್ದಾರೆ. ಹುಡುಗರು ಮೋಸಹೋಗುವುದು ಬಹುಮಟ್ಟಿಗೆ ಆ ಹೆಸರಿನಿಂದಲೇ. ಸಾರಿನ ಪಾತ್ರೆಯ ಮುಚ್ಚಳದಿಂದ ತೊಟ್ಟಿಕ್ಕುವುದು ನೀರೇ ಹೊರತು ನೀರು ಒಡೆದು ಬಂದ ಅನಿಲವಲ್ಲವಷ್ಟೆ! ಅಂಕಲೇಶ್ವರದ ಕಾರ್ಖಾನೆಗಳಲ್ಲಿ ಬಳಸಿದ ದ್ರಾವಕವನ್ನು ಕುದಿಸಿ, ಆವಿಯನ್ನು ತಣಿಸಿ, ಮತ್ತೆ ಹಿಡಿಯುತ್ತಾರೆ. ಕುದಿದೊಡನೆ ಅಣುವೇ ಒಡೆಯುವುದಾದರೆ ಮರಳಿ ಸಿಕ್ಕೀತು ಹೇಗೆ?

ಇಂಥ ತಪ್ಪು ತಿಳಿವಳಿಕೆಯನ್ನು ಹಿಡಿಯುವುದಕ್ಕೆಂದೇ ಪರೀಕ್ಷೆಗಳಿವೆ. ಆಸ್ಟ್ರೇಲಿಯದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ಎರಡು ಹಂತದ ಪ್ರಶ್ನೆಗಳನ್ನು ರಚಿಸುವ ಕ್ರಮವನ್ನು ವಿವರಿಸಿದರು. ಮೊದಲು ಉತ್ತರ, ಬಳಿಕ ಅದರ ಕಾರಣ. ಎರಡೂ ಸರಿಯಾದರೇ ತಿಳಿಯಿತೆಂದು ಲೆಕ್ಕ. ಪಟ್ಟಿಯಲ್ಲಿ ಕೊಡುವ ತಪ್ಪು ಕಾರಣಗಳನ್ನು ಮೇಷ್ಟರು ಸುಮ್ಮನೆ ಕಟ್ಟುವುದಿಲ್ಲ. ಹುಡುಗರನ್ನು ಮಾತನಾಡಿಸಿ ಅವರ ಬಾಯಿಂದಲೇ ಪಡೆಯುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದು. ಮುಂದೆ ಬಂದವರು ಮೂರನೆಯ ಹಂತವನ್ನೂ ಸೇರಿಸಿದರು: “ನಿನಗೆಷ್ಟು ಖಾತ್ರಿ?” ಅಂದಾಜಿನಿಂದ ಆಡಿದ ತಪ್ಪು ಓದಿದರೆ ಹೋದೀತು. ಖಾತ್ರಿಯಿಂದ ಆಡಿದ್ದು ಅಷ್ಟು ಸುಲಭಕ್ಕೆ ಹೋಗದು.

“ಹಾಗಾದರೆ ನನ್ನ 84?” ಎಂದಳು ಹುಡುಗಿ, ಮುಖ ಸಣ್ಣದು ಮಾಡಿಕೊಂಡು.

ನಾನೇನು ಹೇಳಲಿ? ಕಾರಣ ಕೇಳದೆ ಪೂರ್ತಿ ಅಂಕ ಹಾಕಿದ ಕಟ್ಟುಕಟ್ಟು ಉತ್ತರಪತ್ರಿಕೆಗಳು ನನ್ನ ಕಣ್ಣ ಮುಂದೆ ಬಂದವು. ಆ ಹುಡುಗರಲ್ಲಿ ಕೆಲವರು ಇಂದು ಸೂರತ್ತಿನ ಬಣ್ಣದ ಕಾರ್ಖಾನೆಗಳಲ್ಲಿದ್ದಾರೆ.

ಹೊರಡುವಾಗ ಪ್ರಶ್ನೆಯನ್ನು ಬರೆದುಕೊಂಡು ಹೋದಳು. ಹಾಸ್ಟೆಲಿನಲ್ಲಿ ಮೂವರು ಗೆಳತಿಯರನ್ನು ಕೇಳಿದಳಂತೆ. ಮೂವರ ಉತ್ತರವೂ ಸರಿ; ಕಾರಣ ಮಾತ್ರ ಅವಳದೇ.