ಆಪ್ಷನ್ ಎಂಟ್ರಿಗೆ ಮುನ್ನ

ಸಿಇಟಿ ರ‍್ಯಾಂಕ್ ಬಂದೊಡನೆ ಬೆಂಗಳೂರಿನ ಖಾಸಗಿ ಕಾಲೇಜುಗಳತ್ತಲೇ ನೋಡುವ ನಮ್ಮ ಮಂಡ್ಯ ಜಿಲ್ಲೆಯ ಪೋಷಕರಿಗೆ, ಕೆ.ಆರ್.ಪೇಟೆಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರುವುದು ನೆನಪಾಗುವುದಿಲ್ಲ. ಶುಲ್ಕ ಕಡಿಮೆ, ಪಾಂಡವಪುರ, ನಾಗಮಂಗಲದ ಎಷ್ಟೋ ಹಳ್ಳಿಗಳಿಂದ ಬಸ್ಸಿನಲ್ಲೇ ಹೋಗಿಬರಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜಿದೆ. ಕೃಷಿ ಕೋರ್ಸಿನ ಸೀಟುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾವೂ ಉಂಟು.

ನಮ್ಮವರು ಎಡವುವುದು ಕಾಗದಪತ್ರದಲ್ಲಿ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಎಲ್ಲಿ, ಹೇಗೆ ಓದಿದರೆಂಬುದೇ ಲೆಕ್ಕ. ಮನೆ ಹಳ್ಳಿಯಲ್ಲಿದ್ದರೂ, ವ್ಯಾನು ಹತ್ತಿಸಿ ಶ್ರೀರಂಗಪಟ್ಟಣದ ಕಾನ್ವೆಂಟಿಗೆ ಕಳಿಸಿದ್ದರೆ ಗ್ರಾಮೀಣ ಸೀಟು ಕೈಬಿಟ್ಟಂತೆಯೇ. ಒಂದನೇ ತರಗತಿಗೆ ಸೇರಿಸುವಾಗ ಇದನ್ನು ಹೇಳುವವರು ಯಾರು? ಅರ್ಹರಿಗಾದರೂ, ಈ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಹಾಕಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜತೆಗೇ ಕೊಡುವ ಏರ್ಪಾಡನ್ನು ಪ್ರೌಢಶಾಲೆಗಳು ಮಾಡಲಿ.