ಗಾಳಿಗೆ ಬಿದ್ದ ಕೊಂಬೆ: ದಂಡ ಯಾರಿಗೆ?

ಮಕ್ಕಳೇ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿಸುವ ಅಜ್ಜ-ಅಜ್ಜಿಯರೇ,

ಏಳನೇ ತರಗತಿಯ ಹುಡುಗನೊಬ್ಬ ನಮ್ಮ ಜಗಲಿಗೆ ಪತ್ರ ಬರೆದಿದ್ದಾನೆ. ಮೇ ತಿಂಗಳ ಗಾಳಿಮಳೆಗೆ ಪಕ್ಕದ ಮನೆಯ ಮಾವಿನ ಮರದ ದಪ್ಪ ಕೊಂಬೆ ಮುರಿದು ಇವರ ಹೆಂಚಿನ ಮಾಡಿನ ಮೇಲೆ ಬಿತ್ತಂತೆ. ಐವತ್ತು ಅರವತ್ತು ಹೆಂಚು ಪುಡಿಪುಡಿ. ಕೆಳಗೆ ನಿಲ್ಲಿಸಿದ್ದ ತಾತನ ಸ್ಕೂಟರೂ ಜಜ್ಜಿಹೋಯಿತಂತೆ. “ಮರ ಅವರದು, ಅವರೇ ಕಟ್ಟಿಕೊಡಬೇಕು” ಎನ್ನುತ್ತಾರೆ ಅಪ್ಪ. “ಗಾಳಿಯನ್ನು ನಾನೇನು ಕರೆಸಿದ್ದೆನೇ?” ಎನ್ನುತ್ತಾರೆ ಪಕ್ಕದ ಮನೆಯವರು. ಇಬ್ಬರಿಗೂ ಈಗ ಮಾತಿಲ್ಲ. ಹುಡುಗ ಕೇಳುತ್ತಾನೆ: “ಇಬ್ಬರಲ್ಲಿ ಯಾರು ಸರಿ? ಅವರ ಮನೆಯ ಗೆಳೆಯನ ಜೊತೆ ನಾನು ಆಡಬಾರದೇ?”

ನಷ್ಟವಾದ ಮನೆ, ಅಂಗಡಿಗಳಿಗೆ ಹೋಗಿ ಲೆಕ್ಕ ಹಾಕುವ ವಿಮಾ ಸರ್ವೇಯರ್ ಕೆಲಸವನ್ನು ಬಹಳ ವರ್ಷ ಮಾಡಿದವನು ನಾನು. ಮುಂಗಾರಿಗೆ ಮೊದಲಿನ ಗಾಳಿ ಎದ್ದಿತೆಂದರೆ ಇಂಥ ಜಗಳ ನೋಡದ ವರ್ಷವೇ ಇರಲಿಲ್ಲ. ಎರಡೂ ಕಡೆಯವರು ಒಂದೊಂದು ಅರ್ಧ ಸತ್ಯವನ್ನು ಹಿಡಿದುಕೊಂಡು ಕೂತಿರುತ್ತಾರೆ.

ಕಾನೂನು ಮೊದಲು ಕೇಳುವುದು “ಮರ ಯಾರದು?” ಎಂದಲ್ಲ, “ಬೀಳುವ ಮೊದಲು ಮರ ಹೇಗಿತ್ತು?” ಎಂದು. ಎರಡು ಮರಗಳನ್ನು ನೆನೆಸಿಕೊಳ್ಳಿ. ಒಂದು, ಹಸಿರಾಗಿ ತುಂಬಿಕೊಂಡ ಗಟ್ಟಿ ಮರ. ಯಾರೂ ಎಣಿಸದಂಥ ಬಿರುಗಾಳಿ ಬಂದು ಅದರ ಕೊಂಬೆ ಮುರಿಯಿತು. ಇಲ್ಲಿ ಮರದವರು ಏನು ತಪ್ಪು ಮಾಡಿದರು? ಏನೂ ಇಲ್ಲ. ಇದನ್ನು ನ್ಯಾಯಾಲಯಗಳು ದೈವಕೃತ್ಯ ಎನ್ನುತ್ತವೆ. ಸಾಮಾನ್ಯವಾಗಿ ಮರದವರಿಂದ ಪರಿಹಾರ ಸಿಗುವುದಿಲ್ಲ. ಇನ್ನೊಂದು, ಎರಡು ವರ್ಷದಿಂದ ಎಲೆ ಬಿಡದ ಒಣಕೊಂಬೆಯ ಮರ. ಬುಡದಲ್ಲಿ ಪೊಟರೆ, ಅಣಬೆ. ನೆರೆಯವರು “ಇದನ್ನು ತೆಗೆಸಿ” ಎಂದು ಹೇಳಿಯೂ ಆಗಿದೆ. ಅದು ಬಿದ್ದರೆ ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಇದಕ್ಕೆ ನಮ್ಮ ಸುಪ್ರೀಂ ಕೋರ್ಟಿನದೇ ತೀರ್ಪಿದೆ. 1964ರಲ್ಲಿ ದೆಹಲಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರ ತಲೆಯ ಮೇಲೆ ರಸ್ತೆಬದಿಯ ಬೇವಿನ ಮರದ ಕೊಂಬೆ ಮುರಿದು ಬಿತ್ತು. ಅವರು ತೀರಿಕೊಂಡರು. ಮರ ದೆಹಲಿ ಮಹಾನಗರ ಪಾಲಿಕೆಯದು. 1999ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯೇ ಹೊಣೆ ಎಂದಿತು. ಅದು ಹೇಳಿದ್ದರ ಸಾರ ಇಷ್ಟು: ಮರ ಒಣಗಿದೆ, ಬೀಳಬಹುದು ಎಂಬುದು ಒಡೆಯನಿಗೆ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಾಗಿದ್ದರೆ, ಆದ ಹಾನಿಗೆ ಅವನೇ ಹೊಣೆ. “ಗೊತ್ತಿರಬೇಕಾಗಿದ್ದರೆ” ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಕಣ್ಣು ಮುಚ್ಚಿಕೊಂಡು “ನಾನು ನೋಡಲೇ ಇಲ್ಲ” ಎಂದರೆ ನಡೆಯುವುದಿಲ್ಲ. ಇನ್ನೊಂದನ್ನೂ ಗಮನಿಸಿ: ನ್ಯಾಯ ಸಿಕ್ಕಿತು ನಿಜ, ಆದರೆ ಅಷ್ಟರಲ್ಲಿ ಮೂವತ್ತೈದು ವರ್ಷ ಕಳೆದಿತ್ತು.

ಹೆಂಚು ಅಷ್ಟು ವರ್ಷ ಕಾಯುವುದಿಲ್ಲ. ಮುಂದಿನ ಮಳೆಗೇ ಮನೆ ಸೋರುತ್ತದೆ. ಅದಕ್ಕೇ ವಿಮೆ. 2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಬಗೆಯ ಮನೆ ಪಾಲಿಸಿಯನ್ನು ಕೊಡುತ್ತಿವೆ. ಬೆಂಕಿ, ಬಿರುಗಾಳಿ, ನೆರೆಗಳ ಜೊತೆಗೆ, ಹೊರಗಿನ ವಸ್ತು ಬಡಿದು ಆಗುವ ಹಾನಿಯೂ ಅದರಲ್ಲಿ ಸೇರಿದೆ. ಬೀಳುವ ಮರದ ಹೆಸರೂ ಅಲ್ಲಿದೆ. ಕಾಂಪೌಂಡ್ ಗೋಡೆ, ಗೇಟು ಕೂಡ ಮನೆಯ ಭಾಗವೇ. ಬಿದ್ದ ಕಸಕಡ್ಡಿ ಸಾಗಿಸಲು ಕ್ಲೇಮಿನ ಶೇಕಡಾ 2ರವರೆಗೆ ಖರ್ಚು ಸಿಗುತ್ತದೆ.

ಮುಖ್ಯ ಮಾತು ಇಲ್ಲಿದೆ: ನಿಮ್ಮ ವಿಮೆ ನಿಮ್ಮ ನಷ್ಟವನ್ನು ತುಂಬುತ್ತದೆ. ಮರ ಯಾರದು, ತಪ್ಪು ಯಾರದು ಎಂದು ತೀರ್ಮಾನವಾಗುವವರೆಗೆ ಅದು ಕಾಯಬೇಕಾಗಿಲ್ಲ. ನೆರೆಯವರ ತಪ್ಪು ಸ್ಪಷ್ಟವಾಗಿದ್ದರೆ, ನಿಮಗೆ ಕೊಟ್ಟ ಹಣವನ್ನು ಅವರಿಂದ ವಸೂಲು ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ನೀವು ಬೇಲಿಯ ಬಳಿ ನಿಂತು ಕೂಗಾಡಬೇಕಾಗಿಲ್ಲ.

ಇನ್ನು ತಾತನ ಸ್ಕೂಟರ್. ಅಜ್ಜಂದಿರೇ, ಇವತ್ತೇ ನಿಮ್ಮ ಪಾಲಿಸಿ ತೆಗೆದು ನೋಡಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. “ಐದು ವರ್ಷ ಇನ್ಶೂರೆನ್ಸ್ ಇದೆ” ಎಂದು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಆದರೆ ಥರ್ಡ್ ಪಾರ್ಟಿ ಎಂದರೆ ನಮ್ಮ ವಾಹನದಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಮ್ಮ ಸ್ಕೂಟರಿನ ಮೇಲೆ ಮರ ಬಿದ್ದರೆ ಹಣ ಬರಬೇಕಾದರೆ ‘ಸ್ವಂತ ಹಾನಿ’ಯ ಭಾಗವೂ ಚಾಲ್ತಿಯಲ್ಲಿರಬೇಕು. ಅದು ಬಹಳ ಸಲ ಒಂದೇ ವರ್ಷಕ್ಕೆ ಇದ್ದು, ಸದ್ದಿಲ್ಲದೆ ಮುಗಿದಿರುತ್ತದೆ.

ಕೊಂಬೆ ಬಿದ್ದ ದಿನ ಮಾಡಬೇಕಾದದ್ದು ಕಡಿಮೆ, ಆದರೆ ಕ್ರಮವಾಗಿ ಮಾಡಬೇಕು. ವಿದ್ಯುತ್ ತಂತಿ ಹರಿದಿದ್ದರೆ ಯಾರೂ ಹತ್ತಿರ ಹೋಗಬಾರದು. ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಕೊಂಬೆ ಎಳೆದು ಹಾಕುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಮುರಿದ ತುದಿಯ ಫೋಟೋ ಬಹಳ ಮುಖ್ಯ: ಒಳಗೆ ಹಸಿಯೋ, ಕೊಳೆತಿದೆಯೋ ಎಂದು ಅದೇ ಸಾಕ್ಷಿ ಹೇಳುತ್ತದೆ. ತಡಮಾಡದೆ ವಿಮಾ ಕಂಪನಿಗೆ ತಿಳಿಸಿ. ಮಳೆ ಒಳಗೆ ಬಾರದಂತೆ ಟಾರ್ಪಾಲು ಹೊದಿಸಿ, ಆದರೆ ಸರ್ವೇಯರ್ ನೋಡುವವರೆಗೆ ಒಡೆದ ಹೆಂಚನ್ನು ಎಸೆಯಬೇಡಿ. ರಿಪೇರಿಯ ರಸೀದಿ ಜೋಪಾನ.

ಇದನ್ನೆಲ್ಲ ಓದಿ ಯಾರಾದರೂ “ಹಾಗಾದರೆ ಮರವನ್ನೇ ಕಡಿದುಬಿಡೋಣ” ಎಂದಾರು. ಬೇಡ! ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದು ಅನ್ವಯವಾಗುವ ಕಡೆ, ಮರ ನಮ್ಮ ಹಿತ್ತಲಿನದೇ ಆದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಪಾಯದ ಮರವನ್ನು ಮಾಲೀಕರು ಕೇಳಿಕೊಂಡರೂ ತೆಗೆಸದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ನಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅದಕ್ಕೂ ಮೊದಲು ಒಂದು ಕಾಗದ ಬರೆಯಿರಿ: ತಾರೀಖು, ಫೋಟೋ, “ದಯವಿಟ್ಟು ಈ ಒಣಕೊಂಬೆ ತೆಗೆಸಿ” ಎಂಬ ಒಂದು ಸಾಲು. ಮರ ಬೀಳುವ ಮೊದಲಿನ ಒಂದು ಕಾಗದಕ್ಕೆ, ಬಿದ್ದ ಮೇಲಿನ ನೂರು ಮಾತಿಗಿಂತ ಬೆಲೆ ಹೆಚ್ಚು.

ಪತ್ರ ಬರೆದ ಮರಿ, ಈಗ ನಿನ್ನ ಪ್ರಶ್ನೆ. ಕೊಂಬೆ ಹಸಿಯಾಗಿತ್ತು ಎಂದಾದರೆ ಪಕ್ಕದ ಮನೆಯವರು ಸರಿ. ಒಣಗಿದ್ದು ಅವರಿಗೆ ಕಾಣುವಂತಿತ್ತು ಎಂದಾದರೆ ನಿನ್ನ ಅಪ್ಪ ಸರಿ. ಇಬ್ಬರೂ ಒಟ್ಟಿಗೆ ಹೋಗಿ ಮುರಿದ ತುದಿಯನ್ನು ನೋಡಲಿ. ಅರ್ಧ ಜಗಳ ಅಲ್ಲೇ ಮುಗಿಯಬಹುದು. ಖರ್ಚನ್ನು ಹಂಚಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆ ಮನೆಯ ಗೆಳೆಯನೊಡನೆ ಆಡಬಾರದು ಎನ್ನುವ ಸೆಕ್ಷನ್ ಅಂತೂ ನಾನು ಯಾವ ಕಾನೂನು ಪುಸ್ತಕದಲ್ಲೂ ಓದಿಲ್ಲ. ಈ ಸಾಲನ್ನು ಅಪ್ಪನಿಗೆ ತೋರಿಸು.

ಈ ವಾರದ ಕೆಲಸ: ಭಾನುವಾರ ಬೆಳಿಗ್ಗೆ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಮನೆಯ ಸುತ್ತಲಿನ ಮರಗಳನ್ನು ನೋಡಿ ಬನ್ನಿ. ಎಲೆಯಿಲ್ಲದ ಕೊಂಬೆ ಇದೆಯೇ? ಬುಡದಲ್ಲಿ ಅಣಬೆ, ಪೊಟರೆ, ಗೆದ್ದಲು ಇದೆಯೇ? ಕವಲಿನಲ್ಲಿ ಬಿರುಕು ಕಾಣುತ್ತದೆಯೇ? ಮರ ಹೊಸದಾಗಿ ವಾಲಿ, ಬೇರಿನ ಬಳಿ ಮಣ್ಣು ಎದ್ದಿದೆಯೇ? ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಡಿ. ನಮ್ಮ ಮನೆಯ ಮರದಿಂದಲೇ ಶುರು ಮಾಡಿ, ಆಮೇಲೆ ಪಕ್ಕದ ಮನೆಯದು.